ಮುಚ್ಚಿದ ಬಾಗಿಲ ಮುಂದಿನ ರಂಗೋಲಿ

ಮಧುಗಿರಿ ಬೆಟ್ಟದ ಮೈ ಇನ್ನೂ ಕಪ್ಪಗೇ ಇದೆ. ನೆತ್ತಿಯ ಮೇಲೆ ಮಾತ್ರ ತೆಳುವಾದ ಬೆಳಕೊಂದು ಬಂದು ಕೂತಿದೆ. ಈ ಹೊತ್ತಿಗೆ ಪಾತ್ರೆಪೇಟೆ ಬೀದಿಯ ಮೂಲೆಯಲ್ಲಿ ಪೊರಕೆಯ ಸದ್ದು ಶುರುವಾಗುತ್ತದೆ. ಪರ್ ಪರ್ ಎಂದು ಸ್ವಲ್ಪ ದೂರ ಬಂದು ನಿಲ್ಲುತ್ತದೆ. ಬಿಂದಿಗೆಯ ನೀರು ಕಲ್ಲಿನ ಮೇಲೆ ಬಿದ್ದು ಹರಿಯುವುದು ಕೇಳಿಸುತ್ತದೆ. ಆಮೇಲೆ ಏನೂ ಕೇಳಿಸುವುದಿಲ್ಲ. ಆಗ ಕಾಟಮ್ಮ ಬಗ್ಗಿಕೊಂಡು ರಂಗೋಲಿ ಬಿಡುತ್ತಿರುತ್ತಾರೆ.

ಬಿಳಿ ಪುಡಿ ಅವರ ಎರಡು ಬೆರಳ ನಡುವಿನಿಂದ ಎಳೆಯಾಗಿ ಇಳಿಯುತ್ತದೆ. ಒಂದು ಬಾಗಿಲಿಗೆ ಕಳಸ, ಪಕ್ಕದ್ದಕ್ಕೆ ತಾವರೆ, ಅದರಾಚೆಯದಕ್ಕೆ ಸುಮ್ಮನೆ ನಾಲ್ಕು ಎಳೆ, ನಾಲ್ಕು ಚುಕ್ಕಿ. ಮುಗಿಸಿ ಸೊಂಟಕ್ಕೆ ಕೈ ಕೊಟ್ಟು ನೆಟ್ಟಗಾಗುತ್ತಾರೆ. ಬಾಗಿಲ ಕಡೆ ನೋಡಿ ಏನೋ ಗುನುಗುತ್ತಾರೆ. ಮತ್ತೆ ಬಿಂದಿಗೆ ಎತ್ತಿಕೊಂಡು ಮುಂದಿನ ಬಾಗಿಲಿಗೆ ಹೋಗುತ್ತಾರೆ. ನೋಡಲು ಸೊಗಸಾಗಿದೆ, ತಕರಾರು ಒಂದೇ. ಆ ಬಾಗಿಲುಗಳಲ್ಲಿ ಮುಕ್ಕಾಲು ಪಾಲು ವರ್ಷಗಳಿಂದ ತೆರೆದೇ ಇಲ್ಲ.

"ಅವು ಮಲ್ಗವೆ ಅಷ್ಟೆ ಕಣಪ್ಪ" ಎಂದು ನನಗೆ ಹೇಳುತ್ತಾರೆ ಕಾಟಮ್ಮ, ಪಕ್ಕದಲ್ಲಿ ಮಗು ಮಲಗಿದೆಯೇನೋ ಎಂಬಷ್ಟು ಮೆಲ್ಲಗೆ. "ಒಳಗಿರೋರು ಎದ್ಮೇಲೇನಾ ಬಾಗ್ಲಿಗೆ ನೀರಾಕೋದು? ಮಲ್ಗಿರುವಾಗ್ಲೇ ಅಲ್ವಾ?"

ಬೀದಿಯಲ್ಲಿರುವುದು ಮೂವತ್ತೆರಡು ಬಾಗಿಲು. ಈ ವರ್ಷದ ಆರಂಭದವರೆಗೆ ವ್ಯಾಪಾರ ನಡೆಯುತ್ತಿದ್ದುದು ಏಳರಲ್ಲಿ. ಆ ಏಳು ಮಂದಿ ತಿಂಗಳಿಗೊಮ್ಮೆ ಕಾಟಮ್ಮನಿಗೆ ಕೈಲಾದಷ್ಟು ಕೊಡುತ್ತಾರೆ. ಉಳಿದವುಗಳ ಕೆಲಸ ಪುಕ್ಕಟೆ. ಬೀದಿ ಮುಗಿಸಿದ ಮೇಲೆ ಕೋರ್ಟ್ ಹತ್ತಿರದ ಮೆಸ್ಸಿನಲ್ಲಿ ಪಾತ್ರೆ ತೊಳೆದು, ಅಲ್ಲೇ ಉಂಡು, ಬಿಸಿಲಿಳಿದ ಮೇಲೆ ಮನೆಗೆ ಹೋಗುತ್ತಾರೆ. ಪಾವಗಡದ ರಾಯಚರ್ಲು ಕಡೆ ಸೋಲಾರ್ ಪಾರ್ಕಿನಲ್ಲಿ ಗಾಜಿನ ಹಲಗೆ ಒರೆಸುವ ಕೆಲಸಕ್ಕಿರುವ ಮಗ ಮುತ್ತುರಾಜು ಊರಿಗೆ ಬಂದಾಗಲೆಲ್ಲ ಕೇಳುವುದುಂಟು, "ಮುಚ್ಚೋಗಿರೋ ಅಂಗ್ಡಿ ಮುಂದೆ ಯಾಕವ್ವ ಸೊಂಟ ಮುರ್ಕಂತೀಯ?" ಕಾಟಮ್ಮ ಅವನಿಗೆ ಇನ್ನೊಂದು ಮುದ್ದೆ ಹಾಕಿ ಮಾತು ತೇಲಿಸಿಬಿಡುತ್ತಾರೆ.

ಶಿರಾ ತಾಲ್ಲೂಕಿನ ಪಟ್ಟನಾಯಕನಹಳ್ಳಿ ಪಕ್ಕದ ಹಳ್ಳಿಯಿಂದ ಅವರು ಮದುವೆಯಾಗಿ ಇಲ್ಲಿಗೆ ಬಂದಾಗ ಈ ಬೀದಿಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಪಾವಗಡದ ಬಸ್ಸುಗಳು ಬೀದಿಯ ಬಾಯಿಗೇ ಬಂದು ನಿಲ್ಲುತ್ತಿದ್ದವು. ಇಳಿದವರು ಮದುವೆಯ ಪಾತ್ರೆಗೆ, ಜವಳಿಗೆ, ಬಳೆಗೆ ಎಂದು ನೇರ ಒಳಗೆ ನುಗ್ಗುತ್ತಿದ್ದರು. ಅರ್ಧ ತೆಲುಗು, ಅರ್ಧ ಕನ್ನಡದಲ್ಲಿ ಚೌಕಾಸಿ ನಡೆಯುತ್ತಿತ್ತು. ಹೆಣ್ಣಿನ ಕಡೆಯವರು ಕೊಳದಪ್ಪಲೆಯಂಥ ದೊಡ್ಡ ಅಡುಗೆ ಪಾತ್ರೆಗೆ ಬೆರಳಿನಿಂದ ಬಡಿದು, ಕಿವಿಗೊಟ್ಟು ಕೇಳಿ, ಆಮೇಲೆ ಬೆಲೆ ಮಾತಾಡುತ್ತಿದ್ದರು. ಆ ನಾದ ಈಗಲೂ ಕೆಲವು ಮುಂಜಾನೆ ತಮಗೆ ಕೇಳಿಸುತ್ತದೆ ಎಂದು ಕಾಟಮ್ಮ ಹೇಳುತ್ತಾರೆ. ಹೇಳಿ, ನಂಬಿದರೆ ನಂಬಿ ಎಂಬಂತೆ ನಗುತ್ತಾರೆ.

ಆಗ ನೀರು ಹಾಕಿ ರಂಗೋಲಿ ಬಿಡುತ್ತಿದ್ದವರು ಅವರ ಅತ್ತೆ ನರಸಮ್ಮ. ಅತ್ತೆಯ ಕೈ ನಡುಗತೊಡಗಿದ ಮೇಲೆ ಪುಡಿಯ ಡಬ್ಬ ಸೊಸೆಯ ಕೈಗೆ ಬಂತು. ಮುಂದೆ ಬಸ್ಸು ನಿಲ್ಲುವ ಜಾಗ ಬದಲಾಯಿತು. ಜನ ಬಸ್ಸಿನ ಹಿಂದೆ ಹೋದರು, ಅಂಗಡಿಗಳು ಜನರ ಹಿಂದೆ ಹೋದವು. ಮೊದಲ ಅಂಗಡಿಯ ಹಲಗೆ ಬಾಗಿಲು ಕಾಯಂ ಆಗಿ ಮುಚ್ಚಿದ ಮರುದಿನ ಕಾಟಮ್ಮ ಅದರ ಮುಂದೆ ಪೊರಕೆ ಹಿಡಿದು ನಿಂತಿದ್ದರಂತೆ. ಯಾರೂ ಕೇಳಿರಲಿಲ್ಲ, ಯಾರೂ ಕಾಸು ಕೊಡುವವರೂ ಇರಲಿಲ್ಲ. "ಪಂಕ್ತೀಲಿ ಕೂತಿರೋರ್ಗೆ ಬಡುಸ್ಕಂಡ್ ಬತ್ತಾ ಒಬ್ಬರ ಎಲೆ ಬುಟ್ಟು ಮುಂದಕ್ಕೋಗಕ್ಕೆ ಆಯ್ತದಾ? ನಂಗೆ ಆಗ್ಲಿಲ್ಲ. ಇಲ್ಲೂ ಒಂದೆರಡು ಎಳೆ ಎಳೆದ್ಬುಟ್ಟೆ" ಎನ್ನುತ್ತಾರೆ. ಹಾಗೆ ಒಂದೊಂದೇ ಬಾಗಿಲು ಮುಚ್ಚುತ್ತ ಹೋಯಿತು, ಅವರ ಎಳೆ ಮಾತ್ರ ನಿಲ್ಲಲಿಲ್ಲ.

ಹಾಗೆ ಬಿಟ್ಟ ರಂಗೋಲಿಯೇ ಒಂದು ದಿನ ಬೀದಿಗೆ ಮುಳುವಾಯಿತು.

ಕಳೆದ ವರ್ಷ ಇಲ್ಲಿ ಪೇಟೆ ಪುನರುಜ್ಜೀವನ ಪ್ರಾಧಿಕಾರ ಎಂಬುದೊಂದು ಕೆಲಸ ಶುರು ಮಾಡಿತು. ಊರ ಸುತ್ತಲಿನ ಹೊಲಗಳನ್ನು ಸೈಟುಗಳಾಗಿ ವಿಂಗಡಿಸಿ ಮಾರುವವರು ಅಭಿವೃದ್ಧಿ ಶುಲ್ಕ ಕಟ್ಟುತ್ತಾರೆ. ಅದರಲ್ಲಿ ಒಂದು ಪಾಲನ್ನು ಊರೊಳಗಿನ ಸೊರಗಿದ ಬೀದಿಗೆ ಹಾಕುವುದು ಪ್ರಾಧಿಕಾರದ ಯೋಜನೆ. ಚರಂಡಿ, ನೀರು, ದೀಪ, ನೆಲಗಲ್ಲು ಅದರ ಖರ್ಚು. ಮುಚ್ಚಿದ ಅಂಗಡಿಯನ್ನು ತೆರೆಯುವವರಿಗೆ ದುರಸ್ತಿಯಲ್ಲಿ ಅರ್ಧ ಸಹಾಯ. ಮುಂದೆ ಬೀದಿ ಚೇತರಿಸಿಕೊಂಡು ಹೆಚ್ಚು ಕಂದಾಯ ಬಂದರೆ, ಆ ಹೆಚ್ಚಿನ ಹಣವೂ ಕೆಲವು ವರ್ಷ ಅದೇ ಬೀದಿಗೆ. ಕಾಟಮ್ಮ ಇದನ್ನು ತಮ್ಮದೇ ರೀತಿಯಲ್ಲಿ ಅರ್ಥ ಮಾಡಿಕೊಂಡಿದ್ದಾರೆ: "ಹೊಸ ಕೂಸಿಗೆ ಹಾಲು ಕಾಯ್ಸುವಾಗ ಮುದ್ಕಿಗೂ ಒಂದ್ಲೋಟ ಮಡಗ್ದಂಗೆ."

ಆದರೆ ಹಾಲು ಸಿಗಬೇಕಾದರೆ ಬೀದಿ ಸೊರಗಿದೆಯೆಂದು ತೋರಿಸಬೇಕಿತ್ತು. ಅರ್ಧಕ್ಕಿಂತ ಹೆಚ್ಚು ಬಾಗಿಲು ಬಳಕೆಯಲ್ಲಿಲ್ಲ ಎಂದು ಸರ್ವೆಯಲ್ಲಿ ಬಂದರೆ ಮಾತ್ರ ಪ್ರಾಧಿಕಾರದ ಪಟ್ಟಿಗೆ ಸೇರ್ಪಡೆ. ಸರ್ವೆಗೆ ನೇಮಕವಾದವಳು ಕೊರಟಗೆರೆಯ ಮಧುಶ್ರೀ ಎಂಬ ಹುಡುಗಿ. ದಿನಕ್ಕೆ ಹಲವು ಬೀದಿ ಮುಗಿಸಬೇಕಿದ್ದ ಅವಳು ಮೊದಲ ಬಸ್ಸಿಗೇ ಬಂದಳು. ಆ ಹೊತ್ತಿನಲ್ಲಿ ನಡೆಯುವ ಅಂಗಡಿಯೂ ಮುಚ್ಚಿರುತ್ತದೆ, ನಡೆಯದ್ದೂ ಮುಚ್ಚಿರುತ್ತದೆ. ಹಾಗಾಗಿ ಹೊಸ್ತಿಲು ನೋಡಬೇಕೆಂದು ಅವಳಿಗೆ ಹೇಳಿಕೊಟ್ಟಿದ್ದರು. ದೂಳು, ತರಗು, ಹುಲ್ಲು ಇದ್ದರೆ ಬಳಕೆಯಲ್ಲಿಲ್ಲ. ಗುಡಿಸಿ ತೊಳೆದಿದ್ದರೆ ಬಳಕೆಯಲ್ಲಿದೆ. ಮಧುಶ್ರೀ ಕಂಡದ್ದು ತೊಳೆದು ರಂಗೋಲಿ ಬಿಟ್ಟ ಮೂವತ್ತೆರಡು ಹೊಸ್ತಿಲು. ಮೂವತ್ತೆರಡನ್ನೂ ಫೋಟೊ ತೆಗೆದು, ಬೀದಿ ಬಲು ಚೆನ್ನಾಗಿದೆಯೆಂದು ಸಂತೋಷಪಟ್ಟುಕೊಂಡೇ ಹೋದಳು.

ಪಟ್ಟಿಯಲ್ಲಿ ಪಾತ್ರೆಪೇಟೆ ಬೀದಿಯ ಹೆಸರಿರಲಿಲ್ಲ. ಕಾರಣ ತಿಳಿದ ದಿನ, ಉಳಿದಿರುವ ಒಂದೇ ಹಿತ್ತಾಳೆ ಅಂಗಡಿಯ ಕುಮಾರಸ್ವಾಮಿ ಬೀದಿಯಲ್ಲೇ ನಿಂತು ಕೂಗಾಡಿದರು. "ನಿನ್ ರಂಗೋಲಿನೇ ನಮ್ ಬಾಯಿಗೆ ಮಣ್ಣಾಕ್ತು ಕಣಮ್ಮ ಕಾಟಮ್ಮ! ಇನ್ನೊಂದೆರಡು ವರ್ಷ ಇಂಗೇ ಆದ್ರೆ ನಾನೂ ಹಲ್ಗೆ ಹಾಕ್ಬೇಕು." ಕಾಟಮ್ಮ ಅಂದು ಮೆಸ್ಸಿಗೆ ಹೋಗಲಿಲ್ಲ. ಇಷ್ಟು ವರ್ಷ ಒಳ್ಳೆಯದೆಂದು ಮಾಡಿದ್ದೇ ಏಳು ಮನೆಯ ಅನ್ನ ಕಸಿಯಿತಲ್ಲ ಎಂಬುದು ಅವರ ಸಂಕಟವಾಗಿತ್ತು.

ಕುಮಾರಸ್ವಾಮಿ ಕೆಟ್ಟವರಲ್ಲ. ಪ್ರಾಧಿಕಾರದ ಕಚೇರಿಗೆ ಅಲೆದು ಮರುಸರ್ವೆಗೆ ಒಪ್ಪಿಸಿದರು. ಮಧುಶ್ರೀಯನ್ನೂ ಕಂಡು, ಅಂಗಡಿಗಳು ಮುಚ್ಚಿವೆಯೆಂದು ಬಾಯಿಬಿಟ್ಟು ಹೇಳಿದರು. "ನಂಗೆ ಗೊತ್ತಾಯ್ತು ಸಾರ್. ಆದ್ರೆ ಫೋಟೊ ನೋಡಿ ತೀರ್ಮಾನ ಮಾಡೋರು ಮೇಲಿನೋರು. ಹೊಸ್ತಿಲು ಮತ್ತೆ ಹಿಂಗೇ ಇದ್ರೆ ಅವ್ರು ಒಪ್ಪಲ್ಲ" ಎಂದಳು ಅವಳು. ಅಂದು ಸಂಜೆ ಕುಮಾರಸ್ವಾಮಿ ಕಾಟಮ್ಮನ ಮನೆ ಜಗಲಿಯ ಮೇಲೆ ಬಂದು ಕೂತರು. ಕೂಗಾಡಿದ್ದಕ್ಕೆ ಅವರ ಮುಖದಲ್ಲಿ ನಾಚಿಕೆಯಿತ್ತು.

"ಸರ್ವೆಯವ್ರು ಬರೋಗಂಟ ಮುಚ್ಚಿರೋ ಬಾಗ್ಲುಗೆ ಕೈ ಹಾಕ್ಬ್ಯಾಡ ಕಾಟಮ್ಮ."

ಬಾಗಿಲಿಗೆ ನೀರು ಹಾಕದೆ, ರಂಗೋಲಿ ಬಿಡದೆ ಇರುವುದು ಸಾವಾದ ಮನೆಯ ಮುಂದೆ. ಸೂತಕ ಕಳೆಯುವವರೆಗೆ ಅಂಗಳ ಬರಿದಾಗಿರುತ್ತದೆ. ಅದನ್ನು ಕಂಡವರು, ಇಲ್ಲಿ ಯಾರೋ ಹೋದರು ಎಂದುಕೊಂಡು ದನಿ ತಗ್ಗಿಸಿ ದಾಟುತ್ತಾರೆ. ಇಪ್ಪತ್ತೈದು ಬಾಗಿಲ ಮುಂದೆ ಹಾಗೆ ಬಿಡುವುದೆಂದರೆ ಏನು ಹೇಳಿದಂತಾಯಿತು?

"ಯಾರ್ ಸತ್ತವ್ರೆ ಸಾವ್ಕಾರ್ರೆ?" ಎಂದು ಕೇಳಿದರು ಕಾಟಮ್ಮ.

ಕುಮಾರಸ್ವಾಮಿ ನೆಲ ನೋಡಿದರು. "ಬೀದಿಗೆ ಕಾಯ್ಲೆ ಕಾಟಮ್ಮ. ಚೆನ್ನಾಗಿದೀನಿ ಚೆನ್ನಾಗಿದೀನಿ ಅಂತಿದ್ರೆ ಯಾವ ಡಾಕ್ಟ್ರು ಔಸ್ತಿ ಕೊಡ್ತಾನೆ?"

ಮರುದಿನದಿಂದ ಕಾಟಮ್ಮ ಏಳೇ ಬಾಗಿಲಿಗೆ ನಿಂತರು. ಮಿಕ್ಕವನ್ನು ತಲೆ ತಗ್ಗಿಸಿ ದಾಟುತ್ತಿದ್ದರು. ಕೆಲಸ ಬೇಗ ಮುಗಿಯುತ್ತಿತ್ತು, ಆದರೆ ಕಾಲು ಮೆಸ್ಸಿನ ಕಡೆ ಹೋಗುತ್ತಿರಲಿಲ್ಲ. ಬೇವಿನ ತರಗು ಬಂದು ಹೊಸ್ತಿಲಲ್ಲಿ ಸೇರಿಕೊಂಡಿತು. ನಾಯಿಗಳು ಜಾಗ ಮಾಡಿಕೊಂಡವು. ಹಲಗೆಗಳ ಬಣ್ಣ ಹಾರಿರುವುದು, ಬೀಗಗಳು ತುಕ್ಕು ಹಿಡಿದಿರುವುದು, ಒಂದು ಚಾವಣಿ ಕುಸಿದಿರುವುದು ಆಗಲೇ ಅವರ ಕಣ್ಣಿಗೆ ಬಿದ್ದದ್ದು. "ದಿನಾ ಬಗ್ಗಿ ನೆಲಾನೇ ನೋಡ್ತಿದ್ದೆ ಕಣಪ್ಪ. ತಲೆ ಎತ್ತಿ ಬಾಗ್ಲು ನೋಡೇ ಇರ್ಲಿಲ್ಲ. ನಿಜಕ್ಕೂ ಬೀದಿಗೆ ಮೈ ಸರಿಯಿಲ್ಲ ಅಂತ ಅವತ್ತು ಒಪ್ಕಂಡೆ."

ಮಧ್ಯಾಹ್ನ ಮೆಸ್ಸಿನ ಹಿತ್ತಿಲಲ್ಲಿ ಜೊಂಪು ಹತ್ತಿದಾಗ ಅವರಿಗೆ ಒಂದೇ ಕನಸು ಬೀಳುತ್ತಿತ್ತಂತೆ. ಅಂಗಡಿಗಳೆಲ್ಲ ತೆರೆದಿವೆ, ಪಾತ್ರೆಗಳು ಹೊಳೆಯುತ್ತಿವೆ, ಬಸ್ಸಿಳಿದ ಜನ ಬೀದಿಯ ಬಾಯಲ್ಲೇ ನಿಂತಿದ್ದಾರೆ. ಒಳಗೆ ಮಾತ್ರ ಯಾರೂ ಕಾಲಿಡುತ್ತಿಲ್ಲ. ಅಂಗಳ ಬರಿದಾಗಿರುವುದನ್ನು ನೋಡಿ, ತಪ್ಪು ಹೊತ್ತಿಗೆ ಬಂದೆವೇನೋ ಎಂದು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದಾರೆ. ಎಚ್ಚರವಾದಾಗ ಕಾಟಮ್ಮನ ಬೆರಳು ತಾನಾಗಿ ನೆಲದ ಮೇಲೆ ಓಡಾಡುತ್ತಿರುತ್ತಿತ್ತು.

ಹತ್ತು ಹನ್ನೆರಡು ದಿನವಾದ ಮೇಲೆ ಮಧುಶ್ರೀ ಬಂದಳು. ಈ ಸಲ ಅವಸರ ಮಾಡಲಿಲ್ಲ. ಒಂದೊಂದು ಬಾಗಿಲ ಮುಂದೆಯೂ ನಿಂತು ಫೋಟೊ ತೆಗೆದಳು. ಕಾಟಮ್ಮ ಎದುರು ಜಗಲಿಯಲ್ಲಿ ಸೆರಗು ಹೊದ್ದು ಕೂತಿದ್ದರು. ಮುಗಿಯುವಾಗ ಹೆಚ್ಚುಕಡಿಮೆ ನಡುಹಗಲು.

"ಆಯ್ತೇನವ್ವ?" ಎಂದು ಕೇಳಿದರು ಕಾಟಮ್ಮ.

"ಆಯ್ತು ಅಮ್ಮ. ಎಲ್ಲಾ ಬಂತು."

"ಇನ್ನ ನೀರಾಕ್ಬೌದಾ?"

ಮಧುಶ್ರೀ ತಲೆಯಾಡಿಸಿದಳು. ಕಾಟಮ್ಮ ಎದ್ದು ನಲ್ಲಿಗೆ ಬಿಂದಿಗೆ ಇಟ್ಟರು. ನಡುಹಗಲಲ್ಲಿ ಬಾಗಿಲು ಸಾರಿಸಿದ್ದು ಅವರ ಬಾಳಿನಲ್ಲಿ ಅದೊಂದೇ ಸಲ. ಬಿಸಿಲಿಗೆ ಕಾದ ಕಲ್ಲಿನ ಮೇಲೆ ನೀರು ಬಿದ್ದು ಆವಿ ಎದ್ದಿತು. ಮೂರನೇ ಬಾಗಿಲಿಗೆ ಹೋಗುವಾಗ ಕುಮಾರಸ್ವಾಮಿ ಪಂಚೆ ಎತ್ತಿಕಟ್ಟಿ, ತಮ್ಮ ಅಂಗಡಿಯ ಹೊಸ ಹಿತ್ತಾಳೆ ಕೊಡದಲ್ಲಿ ನೀರು ಹೊತ್ತು ತಂದರು. ಮಾರಬೇಕಿದ್ದ ಕೊಡ ಅದು. ಉಳಿದ ಅಂಗಡಿಯವರೂ ಗಲ್ಲಾ ಬಿಟ್ಟು ಎದ್ದು ಬಂದರು. ಮಧುಶ್ರೀ ಕೊರಟಗೆರೆ ಬಸ್ಸು ತಪ್ಪಿಸಿಕೊಂಡು ಒಂದು ಹೊಸ್ತಿಲಿಗೆ ಚುಕ್ಕಿ ಇಟ್ಟಳು. "ಸೂತಕ ಕಳೀತು ಅಂದ್ಕಂಡು ತಲೆ ಮೇಲೆ ನೀರುಯ್ಕಂಡೆ" ಎನ್ನುತ್ತಾರೆ ಕಾಟಮ್ಮ. ಅದನ್ನು ಹೇಳುವಾಗ ಅವರ ಕಣ್ಣು ಒದ್ದೆಯಾಗುತ್ತದೆ, ಕೇಳುವವರದೂ.

ಬೀದಿ ಪಟ್ಟಿಗೆ ಸೇರಿತು. ಈಗ ಒಂದು ಮಗ್ಗುಲಿನ ಚರಂಡಿ ಅಗೆದಿದ್ದಾರೆ, ಅಂಗಡಿಗಳಿಗೆ ಹೋಗಲು ಮರದ ಹಲಗೆ ಹಾಸಿದ್ದಾರೆ. ಕೆಲಸ ನಿಧಾನ, ದೂಳು ವಿಪರೀತ. ಬೆಳಿಗ್ಗೆ ಬಿಟ್ಟ ರಂಗೋಲಿ ಹತ್ತು ಗಂಟೆಗೆ ಜೆಸಿಬಿ ಚಕ್ರಕ್ಕೆ ಸಿಕ್ಕಿ ಹೋಗಿರುತ್ತದೆ. ಕಾಟಮ್ಮನಿಗೆ ಅದರ ಬಗ್ಗೆ ದೂರಿಲ್ಲ. ಮರುದಿನ ಮಣ್ಣಿನ ಗುಡ್ಡೆಯ ಪಕ್ಕದಲ್ಲೇ ಅಂಗೈಯಗಲ ಜಾಗ ಮಾಡಿಕೊಂಡು ಮತ್ತೆ ಬಿಡುತ್ತಾರೆ.

ಇಂದು ಬೆಳಕು ಬೆಟ್ಟದ ನೆತ್ತಿಯಿಂದ ನಡುವಿಗೆ ಇಳಿಯುವ ಹೊತ್ತಿಗೆ ಅವರು ಬೀದಿಯ ಮಧ್ಯಕ್ಕೆ ಬಂದು ತಟ್ಟನೆ ನಿಲ್ಲುತ್ತಾರೆ. ಅಲ್ಲಿ ಒಂಬತ್ತು ವರ್ಷ ಮುಚ್ಚಿದ್ದ ಅಂಗಡಿಯನ್ನು ಜ್ಯೋತಿಲಕ್ಷ್ಮಿ ಎಂಬಾಕೆ ಬಾಡಿಗೆಗೆ ಹಿಡಿದು, ಪ್ರಾಧಿಕಾರದ ಸಹಾಯದಲ್ಲಿ ಚಾವಣಿ ರಿಪೇರಿ ಮಾಡಿಸಿ, ಎಣ್ಣೆ ಗಾಣ ಹಾಕಿದ್ದಾರೆ. ನಿನ್ನೆಯಷ್ಟೇ ಪೂಜೆಯಾಗಿದೆ. ಬಾಗಿಲ ಹಲಗೆಗಳು ಆಗಲೇ ಕೆಳಗಿಳಿದಿವೆ, ಒಳಗೆ ದೀಪ ಉರಿಯುತ್ತಿದೆ, ಕಡಲೆಕಾಯಿ ಹಿಂಡಿಯ ವಾಸನೆ ಬೀದಿಗೆ ಬರುತ್ತಿದೆ. ಹೊಸ್ತಿಲಿನಾಚೆ ನೆಲ ಒದ್ದೆ. ಅದರ ಮೇಲೆ ಯಾರೋ ಬಿಟ್ಟ ರಂಗೋಲಿ.

ಬಿಂದಿಗೆ ಇಳಿಸಿದ ಸದ್ದಿಗೆ ಜ್ಯೋತಿಲಕ್ಷ್ಮಿ ಹೊರಗೆ ಬರುತ್ತಾರೆ. ಬೆರಳಿಗಿನ್ನೂ ಬಿಳಿ ಪುಡಿ ಅಂಟಿದೆ. "ನನ್ ಅಂಗ್ಡಿ ಅಲ್ವಾ, ನಾನೇ ಬಿಡಾಣ ಅಂತ... ಸೊಟ್ಟಗಾಗೋಯ್ತು ಅಕ್ಕ. ನೀವೇ ಒಂಚೂರು ಸರಿ ಮಾಡ್ಬುಡಿ" ಎಂದು ನಾಚಿಕೊಳ್ಳುತ್ತಾರೆ.

ನಿಜಕ್ಕೂ ಸೊಟ್ಟಗಿದೆ. ತಾವರೆಯ ಒಂದು ಎಸಳು ಚರಂಡಿ ಕಡೆಗೆ ಓಡಿದೆ. ಕಾಟಮ್ಮ ಸೊಂಟಕ್ಕೆ ಕೈ ಕೊಟ್ಟು ಅದನ್ನೇ ನೋಡುತ್ತಾರೆ. ಡಬ್ಬದೊಳಗೆ ಹೋದ ಬೆರಳು ಹಾಗೇ ಈಚೆಗೆ ಬರುತ್ತದೆ.

"ಬ್ಯಾಡ ಕಣವ್ವ. ಬಾಗ್ಲು ತೆಗ್ದೋರ ಕೈ ಅದು, ಹಂಗೇ ಇರ್ಲಿ."

ಬಿಂದಿಗೆಯನ್ನು ಸೊಂಟ ಬದಲಿಸಿ ಎತ್ತಿಕೊಂಡು, ಕಾಟಮ್ಮ ಆ ಬಾಗಿಲನ್ನು ದಾಟಿ ಮುಂದೆ ಹೋಗುತ್ತಾರೆ. ತಲೆ ತಗ್ಗಿಸಿಲ್ಲ. ನಾಲ್ಕು ಹೆಜ್ಜೆ ಹೋದವರು ನನ್ನ ಕಡೆ ತಿರುಗಿ, ಮೆಲ್ಲಗೆ, ಇನ್ನೂ ಮಲಗಿರುವ ಬಾಗಿಲುಗಳಿಗೆ ಎಚ್ಚರವಾಗದಂತೆ ಹೇಳುತ್ತಾರೆ: "ಇಂಗೇ ಒಂದೊಂದ್ ಬಾಗ್ಲೂ ನನ್ ಕೈ ತಪ್ಪೋಗ್ಲಿ ಕಣಪ್ಪ. ನಂಗಿನ್ನೇನ್ ಬೇಕು?"