ಮರಿಬಸಪ್ಪನ ಬೆಳಗಿನ ಅಭ್ಯಾಸ

ಮರಿಬಸಪ್ಪ ದೊಡ್ಡ ಶಿವಭಕ್ತನೆಂದು ನಾನು ಬಹಳ ದಿನ ನಂಬಿದ್ದೆ. ಆದೋನಿಯಲ್ಲಿ ಅವನ ಮನೆ ನಾನು ಪಾಠ ಹೇಳುತ್ತಿದ್ದ ಶಾಲೆಯ ದಾರಿಯಲ್ಲೇ ಇತ್ತು. ದಿನಾ ಬೆಳಿಗ್ಗೆ ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತು, ಎಡಗೈಯನ್ನು ಎದೆಯ ಮಟ್ಟಕ್ಕೆ ಎತ್ತಿ, ಕಣ್ಣು ಮುಚ್ಚಿ, ಅಂಗೈಯಲ್ಲಿದ್ದುದನ್ನು ಬಲಗೈ ಬೆರಳುಗಳಿಂದ ಮುಟ್ಟುತ್ತಿದ್ದ. ಇಷ್ಟಲಿಂಗ ಪೂಜೆಯೆಂದು ನಾನು ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ದಾಟಿ ಹೋಗುತ್ತಿದ್ದೆ.

ಅದು ೧೯೩೭ರ ಮಾತು. ಆಗ ನನಗೆ ಆತ್ಮೋನ್ನತಿಯ ಹುಚ್ಚು. ಐದಕ್ಕೆ ಏಳುವುದು, ತಣ್ಣೀರಿನ ಸ್ನಾನ, ದಿನಕ್ಕೆ ಹತ್ತು ಇಂಗ್ಲಿಷ್ ಶಬ್ದ. ಇವನ್ನು ಒಂಬತ್ತು ದಿನ ಪಾಲಿಸಿ, ಹತ್ತನೆಯ ದಿನದಿಂದ ಊರಿಗೆ ಉಪದೇಶ ಮಾಡುವ ಅಧಿಕಾರ ಪಡೆದಿದ್ದೆ. ವಾಚನಾಲಯದ ಭಾಷಣಕ್ಕೆ ಒಂದು ಜೀವಂತ ಉದಾಹರಣೆ ಬೇಕಾಗಿ, ಒಂದು ದಿನ ಕಟ್ಟೆಯ ಹತ್ತಿರವೇ ಹೋದೆ.

ಅಂಗೈಯಲ್ಲಿ ಲಿಂಗವಿರಲಿಲ್ಲ, ಒಂದು ಚಿಟಿಕೆ ಹತ್ತಿಯಿತ್ತು. ಹೆಂಡತಿ ಬಸಲಿಂಗಮ್ಮ ಮೊರದಲ್ಲಿ ಹತ್ತಿಯ ಸಣ್ಣ ಸಣ್ಣ ಉಂಡೆಗಳನ್ನಿಟ್ಟುಕೊಂಡು ಎದುರಿಗೆ ಕುಳಿತಿದ್ದಳು.

"ಮಾಧವರಂ ಊರಿಂದು," ಎಂದ ಮರಿಬಸಪ್ಪ, ಎಳೆ ಹಿಂಜುತ್ತ.

"ಅಲ್ಲ. ಇನ್ನೊಮ್ಮಿ ಹಿಡದು ನೋಡ್ರಿ."

"ತಡಿ... ಎಳಿ ಗಿಡ್ಡ ಐತಿ. ಬೆಳಗಲ್ದು."

"ಹೂಂ. ನಿನ್ನೆನೂ ಇದರಾಗ ತಪ್ಪಿದ್ರಿ. ಮಂಡಿಯಾಗ ಹಿಂಗ ತಪ್ಪಿದ್ರ ನಮ್ಮ ಒಲಿ ಹತ್ತಂಗಿಲ್ಲ."

ಅವನು ಏಕಾಂತಪ್ಪ ಸಾಹುಕಾರರ ಹತ್ತಿ ಮಂಡಿಯಲ್ಲಿ ಮಾಲು ಪರೀಕ್ಷಿಸುವವನು. ಎಳೆ ಹಿಂಜಿ ಯಾವ ಊರಿನದು, ಎಂಥದು ಎಂದು ಹೇಳಬೇಕು. ಆಮೇಲೆ ಟವಲಿನ ಕೆಳಗೆ ರೈತನ ಬೆರಳು ಹಿಡಿದು, ಯಾರಿಗೂ ಕಾಣದಂತೆ ದರ ಕುದುರಿಸಬೇಕು. ಹದಿನೆಂಟು ವರ್ಷ ಪಳಗಿದವನು ಇನ್ನೂ ದಿನಾ ಅಭ್ಯಾಸ ಮಾಡುತ್ತಾನೆಂದರೆ! ನನಗೆ ರೋಮಾಂಚನವಾಯಿತು.

"ಯಾರ ಮುಂದನೂ ಹೇಳಬ್ಯಾಡ್ರಿ ಮಾಸ್ತರ," ಎಂದಳು ಬಸಲಿಂಗಮ್ಮ.

ವಿನಯ ಎಂದುಕೊಂಡೆ. ಅಂದೇ ಮಧ್ಯಾಹ್ನ ಮಂಡಿಗೆ ಹೋಗಿ ಎಲ್ಲರ ಮುಂದೆ ಹೇಳಿದೆ.

"ಹೌದೇನ್ಲೇ ಮರಿಬಸ್ಯಾ! ಕಣ್ಣು ಮುಚ್ಚಿ ಹತ್ತಿ ಹೇಳ್ತಿ? ಎಲ್ಲಿ, ತೋರ್ಸು ನೋಡಾಣು," ಎಂದರು ಸಾಹುಕಾರರು.

ಚೆನ್ನಾಗಿ ಕಾಣಲೆಂದು ನಾನು ಹಮಾಲಿ ಯರ್ರೆಪ್ಪನನ್ನು ಹಿಂದಕ್ಕೆ ಸರಿಸಿ, ಮರಿಬಸಪ್ಪನ ಪಕ್ಕದಲ್ಲಿ ನಿಂತೆ. ಮೂರು ಹಿಡಿ ಹತ್ತಿ ಕೊಟ್ಟರು. ಮೂರಕ್ಕೂ ಊರು ಸರಿ. ಮಂಡಿಯೆಲ್ಲ ಭೇಷ್ ಎಂದಿತು. ಸಾಹುಕಾರರು ಖುಷಿಯಾಗಿ ಅವನ ಎರಡು ಕೈಗೂ ಒಂದೊಂದು ಹಿಡಿ ಹಾಕಿದರು.

"ಇನ್ನ ಕಣ್ಣು ತೆಗಿ. ಮಳಿ ಹೊಡದು ಹಳದಿ ತಿರುಗಿದ್ದು ಯಾವ್ದು? ಇದನ್ನ ನಮ್ಮ ಮಾಸ್ತರೂ ಹೇಳ್ತಾರ ಬಿಡು."

ಎಲ್ಲರೂ ನಕ್ಕರು. ಮರಿಬಸಪ್ಪ ಕಣ್ಣು ತೆಗೆದ. ಯರ್ರೆಪ್ಪ ದಿನಾ ನಿಲ್ಲುವ ಕಡೆಗೆ ಮುಖ ತಿರುಗಿಸಿದ. ಅಲ್ಲಿ ನಾನಿದ್ದೆ.

"ಎಡಗೈಯಾಗಿಂದು," ಎಂದ.

ಎಡಗೈಯಲ್ಲಿದ್ದುದು ಹಾಲಿನಂತೆ ಬೆಳ್ಳಗಿತ್ತು. ಚೇಷ್ಟೆಯೆಂದು ಮತ್ತೊಮ್ಮೆ ನಗೆ ಎದ್ದಿತು. ಸಾಹುಕಾರರು ಮಾತ್ರ ನಗಲಿಲ್ಲ. ಅವನ ಮುಖದ ಮುಂದೆ ಮೆಲ್ಲಗೆ ಕೈಯಾಡಿಸಿದರು. ರೆಪ್ಪೆ ಅಲುಗಲಿಲ್ಲ.

ಕಣ್ಣು ಹೋಗಿ ಮೂರು ವರ್ಷವಾಗಿತ್ತಂತೆ. ಎಳೆಯನ್ನು ಬೆರಳು ಹೇಳುತ್ತಿತ್ತು, ಟವಲಿನ ಕೆಳಗೆ ಕಣ್ಣಿಗೆ ಕೆಲಸವಿರಲಿಲ್ಲ. ಬಣ್ಣ ಕೆಟ್ಟ ಮಾಲು ಬಂದರೆ ಯರ್ರೆಪ್ಪ ಪಕ್ಕದಲ್ಲಿ ನಿಂತು ಕೆಮ್ಮುತ್ತಿದ್ದ. ಬೆಳಿಗ್ಗೆ ಹೆಗಲ ಮೇಲೆ ಕೈ ಹಾಕಿ, ಗೆಳೆಯರಂತೆ ಹರಟುತ್ತ, ಅವನನ್ನು ಮಂಡಿಗೆ ಕರೆತರುತ್ತಿದ್ದವನೂ ಅವನೇ.

ಸಾಹುಕಾರರು ಕೆಟ್ಟವರಲ್ಲ. ಹೊಸ ಪಂಚೆಯೊಂದನ್ನು ಹೊದಿಸಿ, ನಾಳೆಯಿಂದ ಮನೆಯಲ್ಲಿ ಆರಾಮಾಗಿರು ಎಂದರು. ಆ ಭಾನುವಾರ ನಾನು ಉದಾಹರಣೆಯನ್ನು ಬಿಟ್ಟು ಭಾಷಣ ಮಾಡಿದೆ. ಚಪ್ಪಾಳೆ ಬಿದ್ದಿತು.

ಆರು ತಿಂಗಳು ನಾನು ಬೇರೆ ಬೀದಿಯಲ್ಲಿ ಸುತ್ತಿಕೊಂಡು ಶಾಲೆಗೆ ಹೋದೆ. ಕೊನೆಗೊಮ್ಮೆ ಧೈರ್ಯ ಮಾಡಿ ಹಳೆಯ ದಾರಿ ಹಿಡಿದೆ. ಬಸಲಿಂಗಮ್ಮ ಹತ್ತಿ ಕಾರ್ಖಾನೆಗೆ ಕೂಲಿಗೆ ಹೋಗಿದ್ದಳು. ಅವನು ಅದೇ ಕಟ್ಟೆಯ ಮೇಲೆ, ಖಾಲಿ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ. ನಾನು ಚಪ್ಪಲಿ ಕಳಚಿ ಪಕ್ಕದಲ್ಲಿ ಕುಳಿತೆ. ಏನಾದರೂ ಮಾತಾಡಬೇಕಲ್ಲ? ನನ್ನ ಬಾಯಿಗೆ ಬರುವುದು ಒಂದೇ ವಿಷಯ.

"ಅಲ್ಲ ಮರಿಬಸಪ್ಪ, ಅಷ್ಟು ದಿನ ಬಿಡದೆ ಅಭ್ಯಾಸ ಮಾಡಿದ್ರಿ. ಅದರಿಂದ ಏನಾದ್ರೂ ಪ್ರಯೋಜನ ಆಯ್ತೇನು?"

ದನಿ ಬಂದ ಕಡೆಗೆ ಅವನು ಮುಖ ತಿರುಗಿಸಿದ.

"ಆತಲ್ರಿ ಮಾಸ್ತರ. ನೀವು ಬಾಯಿ ಬಿಡೋ ತನಕ ಮೂರು ವರ್ಷ ಉಂಡ್ವಿ."