ಟ್ಯಾಂಕು ದೊಡ್ಡದು, ಪೈಪು ಸಣ್ಣದು

ಆಸ್ಪತ್ರೆಯಲ್ಲಿ ಎಲ್ಲರೂ ಅವಳಿಗೆ ಇಟ್ಟಿದ್ದ ಹೆಸರು ಅಪಶಕುನ. ಸ್ಕ್ಯಾನ್ ಚಿತ್ರಗಳ ಬ್ಯಾಕಪ್ ಅವಳ ಕೆಲಸ. ಮೂಲ ಹಾಳಾದರೆ ಇರಲಿ ಎಂದು ಇನ್ನೊಂದು ಕಟ್ಟಡಕ್ಕೆ ನಕಲು ಕಳಿಸಿಡುವುದು. ಯಾವ ಮೀಟಿಂಗಿಗೆ ಹೋದರೂ "ಡಿಸ್ಕ್ ಹೋದ್ರೆ ಏನ್ ಮಾಡ್ತೀರಿ?" ಎಂದು ಕೇಳುವವಳಿಗೆ ಹಾರತುರಾಯಿ ಹಾಕುತ್ತಾರೆಯೇ? ಸಿಟ್ಟು ಮೂಗಿನ ತುದಿಯಲ್ಲೇ ಇತ್ತು. ಅವಳು ಮನೆಗೆ ಬಂದ ಮೇಲೆ ಸ್ವಲ್ಪ ಹೊತ್ತು ಗಂಡ ಕೂಡ ತುಟಿಪಿಟಕ್ಕೆನ್ನುತ್ತಿರಲಿಲ್ಲ.

ಈ ಸಲದ ಸಿಟ್ಟಿಗೆ ಕಾರಣವಿತ್ತು. ಹೊಸ ಸ್ಕ್ಯಾನಿಂಗ್ ಯಂತ್ರ ಬಂದಿತ್ತು. ಅದರ ಒಂದೊಂದು ಚಿತ್ರವೂ ಹಳೆಯದರ ನಾಲ್ಕು ಪಟ್ಟು ದೊಡ್ಡದು. ಆ ಕಟ್ಟಡದಲ್ಲಿ ನಕಲು ಇಡಲು ಜಾಗವೂ ಬೇಕು, ಅಲ್ಲಿಗೆ ಸಾಗಿಸಲು ದೊಡ್ಡ ನೆಟ್‌ವರ್ಕ್ ಲೈನೂ ಬೇಕು ಎಂದು ಲೆಕ್ಕ ಹಾಕಿ ಕೊಟ್ಟಳು. ಆಡಳಿತಾಧಿಕಾರಿ ಜಾಗ ಮಾತ್ರ ಕೊಂಡ. ಬೀರುವಿನಷ್ಟೆತ್ತರದ ಸ್ಟೋರೇಜು, ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳಲು ಚೆನ್ನಾಗಿತ್ತು. ಲೈನು ಗೋಡೆಯೊಳಗೆ ಹೋಗುತ್ತದೆ, ಅದರ ಫೋಟೊ ಯಾರಿಗೆ ಬೇಕು?

"ಟ್ಯಾಂಕ್ ಎಷ್ಟು ದೊಡ್ಡದಿದ್ರೇನು ಸರ್, ಪೈಪ್ ಸಣ್ಣದಾದ್ರೆ ತುಂಬಲ್ಲ."

"ಅಷ್ಟು ಜಾಗ ಕೊಟ್ಟಿದೀನಲ್ಲಮ್ಮ, ಇನ್ನೇನು?"

ರಾತ್ರಿ ಹೊರಟ ನಕಲು ಬೆಳಗ್ಗೆ ರೋಗಿಗಳು ಬರುವ ಹೊತ್ತಿಗೂ ಮುಗಿಯುತ್ತಿರಲಿಲ್ಲ. ಲೈನು ಕಟ್ಟಿಕೊಂಡು ವೈದ್ಯರ ಪರದೆಗಳು ನಿಂತುಬಿಡುತ್ತಿದ್ದವು. "ನಿಲ್ಸಿ ಅದನ್ನ" ಎಂದು ಅಧಿಕಾರಿಯ ಫೋನು. ಶಪಿಸುತ್ತಲೇ ನಿಲ್ಲಿಸುತ್ತಿದ್ದಳು. ಉಳಿದ ಚಿತ್ರಗಳು ಸಾಲಿನಲ್ಲಿ, ಮರುದಿನದವು ಅವುಗಳ ಹಿಂದೆ. ಆ ಸಾಲಿನಲ್ಲೇ ಅವಳನ್ನು ಸಾಕಿ ಬೆಳೆಸಿದ ಚಿಕ್ಕಮ್ಮನ ಶ್ವಾಸಕೋಶದ ಚಿತ್ರವೂ ಇತ್ತು, ಔಷಧಿ ಶುರುವಾಗುವ ಮೊದಲು ತೆಗೆದದ್ದು. ಗೆಡ್ಡೆ ಕರಗಿದೆಯೋ ಇಲ್ಲವೋ ಎಂದು ಮುಂದಿನ ಚಿತ್ರವನ್ನು ಅದರ ಪಕ್ಕ ಇಟ್ಟೇ ನೋಡಬೇಕು.

ಒಂದು ದಿನ ಮೂಲ ಡಿಸ್ಕುಗಳು ಕೈಕೊಟ್ಟವು. ಸಾಲಿನಲ್ಲಿದ್ದವೆಲ್ಲ ಹೋದವು, ಚಿಕ್ಕಮ್ಮನದೂ ಹೋಯಿತು. ಅಧಿಕಾರಿ ಅಂದೇ ದೊಡ್ಡ ಲೈನಿಗೆ ಒಪ್ಪಿಗೆ ಕೊಟ್ಟ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ.

"ಬಂದವರಿಗೆ ಯಂತ್ರ ಕೆಟ್ಟಿತ್ತು, ಚಿತ್ರ ಸರಿಯಾಗಿ ಬಂದಿಲ್ಲ, ಇನ್ನೊಂದ್ಸಲ ಸ್ಕ್ಯಾನ್ ಮಾಡ್ತೀವಿ ಅಂತ ಹೇಳಿಬಿಡಿ," ಎಂದ.

"ಔಷಧಿಗೆ ಮುಂಚಿನದನ್ನ ಈಗ ಹೇಗೆ ತೆಗೀತೀರಿ ಸರ್?"

ಅವನು ಫೋನು ಕೈಗೆತ್ತಿಕೊಂಡು ಆ ಕಡೆ ತಿರುಗಿದ. ಅವಳು ಬಾಗಿಲು ದಬ್ಬಿಕೊಂಡು ಹೊರಬಂದಳು.

ಕಾಯುವ ಕೋಣೆಯಲ್ಲಿ ಚಿಕ್ಕಮ್ಮ ತನ್ನ ಸರದಿಗೆ ಕೂತಿದ್ದಳು. ಅವಳು ಹೋಗಿ ಚಿಕ್ಕಮ್ಮನ ಪಕ್ಕ ಕೂತು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

"ನನ್ನದನ್ನ ಮುಂದೆ ಹಾಕ್ಬೋದಿತ್ತಲ್ಲೇ?"

"ಹಾಕ್ಬೋದಿತ್ತು ಚಿಕ್ಕಮ್ಮ. ಸಾಲಲ್ಲಿ ಇದ್ದವರೆಲ್ಲ ಕಾಯಿಲೆಯವರೇ ಅಲ್ವಾ ಅಂತ ಹಾಕ್ಲಿಲ್ಲ."

ಚಿಕ್ಕಮ್ಮ ಬೆಂಚುಗಳ ಮೇಲೆ ಕೂತವರ ಕಡೆ ಕಣ್ಣು ಹಾಯಿಸಿದಳು.

"ಇವರಿಗೆಲ್ಲ ಗೊತ್ತಾ?"

"ಯಂತ್ರ ಕೆಟ್ಟಿತ್ತು ಅಂತ ಹೇಳ್ಬೇಕಂತೆ."

"ನನಗೋಸ್ಕರ ಸಾಲು ಮುರೀಲಿಲ್ಲ ಅಂದ್ಯಲ್ಲ. ಮತ್ತೆ ನಿಜ ಮಾತ್ರ ನನಗೊಬ್ಬಳಿಗೇ ಯಾಕೆ? ಎದ್ದು ಎಲ್ಲರಿಗೂ ಹೇಳು."

ಅವಳು ಎದ್ದು ನಿಂತು ಎಲ್ಲರಿಗೂ ಹೇಳಿದಳು.