ರಿಬ್ಬನ್ ಕಟ್ಟದ ತಂತಿ

ಕೋವಿಡ್ ಗಲಾಟೆ ಅಡಗಿದ ಮರುವರ್ಷ ನಾನು ನೈರೋಬಿಯ ಪಾರ್ಕ್‌ಲ್ಯಾಂಡ್ಸ್‌ನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕಿವಿ, ಮೂಗು, ಗಂಟಲಿನ ಶಸ್ತ್ರವೈದ್ಯನಾಗಿದ್ದೆ. ಮೈಸೂರಿನಲ್ಲಿ ಓದು ಮುಗಿಸಿ ಬಂದವನಿಗೆ ಇಲ್ಲೇ ತಲೆ ನೆರೆತಿತ್ತು. ನಿವೃತ್ತಿ ಹತ್ತಿರವಿತ್ತು. ಮನುಷ್ಯರ ಬಗ್ಗೆ ಹೊಸದಾಗಿ ಸಿಟ್ಟು ಬರಲು ಏನೂ ಉಳಿದಿಲ್ಲ ಎಂದುಕೊಂಡಿದ್ದೆ.

ಏಪ್ರಿಲ್ ಮಳೆಗಾಲದ ಒಂದು ಭಾನುವಾರ ಬೆಳಿಗ್ಗೆ ಮ್ವಾಂಗಿ ಎಂಬ ಯುವಕನನ್ನು ಪಿಕಪ್ಪಿನ ಹಿಂಬದಿಯಲ್ಲಿ ಮಲಗಿಸಿಕೊಂಡು ತಂದರು. ಅವನು ಪಂಗಾನಿ ಕಡೆಗೆ ಓಡುವ ಮಟಾಟು ಎಂಬ ಬಾಡಿಗೆ ವ್ಯಾನೊಂದರ ಕಂಡಕ್ಟರ್. ವ್ಯಾನಿನ ಬಾಗಿಲಿಗೆ ಜೋತುಬಿದ್ದು ಊರಿನ ಹೆಸರು ಕೂಗಿ ಜನ ತುಂಬಿಸುವುದೇ ಆ ಕೆಲಸ. ಗಂಟಲು ಕೂತರೆ ಮರುದಿನವೇ ಬೇರೊಬ್ಬ ಆ ಬಾಗಿಲಲ್ಲಿರುತ್ತಾನೆ.

ಕರೆತಂದವರು ದಾವಣಗೆರೆ ಕಡೆಯ ರಘುನಂದನ್. ಪ್ಲಾಸ್ಟಿಕ್ ಕಾರ್ಖಾನೆಯ ಮ್ಯಾನೇಜರ್, ಜೊತೆಗೆ ಒಂದು ಡರ್ಟ್ ಬೈಕ್ ಕ್ಲಬ್ಬಿನ ಕ್ಯಾಪ್ಟನ್. ನಗರದ ಅಂಚಿನ ನೀಲಗಿರಿ ತೋಪಿನೊಳಗೆ ಈ ಕ್ಲಬ್ಬಿನವರು ಬೈಕ್ ಓಡಿಸುವ ಟ್ರೇಲ್‌ಗಳಿದ್ದವು. ವಾರವಾರವೂ ಹೋಗಿ ಚರಂಡಿ ತೋಡುವುದು, ಹಳ್ಳಕ್ಕೆ ಮೊರಂ ತುಂಬುವುದು, ಬಿದ್ದ ಮರ ಕತ್ತರಿಸುವುದು ಅವರ ಶಿಸ್ತು. ಮಳೆಗಾಲದಲ್ಲಿ ಚಕ್ರ ಹೂತು ಕೊರಕಲು ಬೀಳುತ್ತದೆಂದು ಟ್ರೇಲ್ ಮುಚ್ಚುತ್ತಿದ್ದರು. ಆದರೆ ತೋಪು ಕ್ಲಬ್ಬಿನದಾಗಿರಲಿಲ್ಲ. ಆಚೆಗಿನ ಹಳ್ಳಿಯವರಿಗೆ ಟಾರು ರಸ್ತೆ ಸೇರಲು ಅದೇ ಒಳದಾರಿ, ಮಳೆ ಇರಲಿ ಬಿಡಲಿ. ಮ್ವಾಂಗಿಯೂ ಆ ಹಳ್ಳಿಯವನೇ, ಬೆಳಿಗ್ಗೆ ಬೈಕಿನಲ್ಲಿ ಅದೇ ದಾರಿ ಹಿಡಿದು ಕೆಲಸಕ್ಕೆ ಹೊರಟಿದ್ದ.

“ಏನಾಯಿತು?” ಎಂದು ಮ್ವಾಂಗಿಯನ್ನೇ ಕೇಳಿದೆ. ಉತ್ತರ ಬಂದದ್ದು ರಘುನಂದನರಿಂದ. “ಕೊಂಬೆ ಬಡೀತು ಸಾರ್. ಬೈಕ್ ಸ್ಪೀಡಲ್ಲಿತ್ತು. ನಾವು ಟ್ರೇಲ್ ಚೆಕ್ ಮಾಡೋಕೆ ಹೋಗಿದ್ವಿ, ಲಕ್ಕಿಲಿ ನೋಡಿದ್ವಿ.” ಮ್ವಾಂಗಿ ಅವರ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದ. ದನಿ ಹೊರಡುತ್ತಿರಲಿಲ್ಲ, ತುಟಿ ಮಾತ್ರ ‘ಅಸಾಂಟೆ, ಅಸಾಂಟೆ’ ಎಂದು ಸ್ವಾಹಿಲಿಯಲ್ಲಿ ಧನ್ಯವಾದ ಹೇಳುತ್ತಿತ್ತು. ಎಂಥ ಪುಣ್ಯಾತ್ಮ ಎಂದು ನರ್ಸುಗಳು ರಘುನಂದನರಿಗೆ ಚಹಾ ತಂದುಕೊಟ್ಟರು.

ಗಂಟಲಿನ ಮುಂದೆ ಕೈಗೆ ಸಿಗುವ ಉಬ್ಬನ್ನು ಥೈರಾಯ್ಡ್ ಕಾರ್ಟಿಲೇಜ್ ಎನ್ನುತ್ತೇವೆ. ಸ್ವರತಂತುಗಳಿಗೆ ಅದೇ ಗೂಡು. ಮ್ವಾಂಗಿಯದು ಒಡೆದು ಹೋಗಿತ್ತು. ಮೊದಲು ಟ್ರೇಕಿಯಾಸ್ಟಮಿ ಮಾಡಿದೆ, ಅಂದರೆ ಅದರ ಕೆಳಗೆ ಶ್ವಾಸನಾಳಕ್ಕೆ ತೂತು ಕೊರೆದು ಉಸಿರಾಟಕ್ಕೆ ನಳಿಗೆ ಇಟ್ಟೆ. ಆಮೇಲೆ ಒಳಗಿನ ರಿಪೇರಿ. ಜೀವ ಉಳಿಯಿತು. ಸ್ವರತಂತುಗಳನ್ನು ಆಡಿಸುವ ನರಗಳು ಎರಡೂ ಕಡೆ ಹರಿದಿದ್ದವು, ದನಿ ಉಳಿಯಲಿಲ್ಲ. ನಳಿಗೆಯೂ ಬಹುಶಃ ಕೊನೆಯವರೆಗೆ ಇರಬೇಕಾದದ್ದೇ.

ಅಷ್ಟು ಹೊತ್ತೂ ಗಾಯ ನನ್ನ ಕಣ್ಣೆದುರಿಗೇ ಇತ್ತು. ಒಂದು ಕಿವಿಯ ಕೆಳಗಿಂದ ಇನ್ನೊಂದು ಕಿವಿಯ ಕೆಳಗಿನವರೆಗೆ ಒಂದೇ ನೇರ ಗೀಟು. ಅಂಥ ಕೊಂಬೆ ಯಾವ ಮರಕ್ಕೂ ಇರುವುದಿಲ್ಲ. ಹೊರಗೆ ಬಂದು, “ತಂತಿ ಕಟ್ಟಿದ್ದಿರಾ?” ಎಂದೆ.

ರಘುನಂದನ್ ಸುತ್ತ ನೋಡಿ ದನಿ ತಗ್ಗಿಸಿದರು. “ಹೋದ್ ವರ್ಷ ಟ್ರೇಲ್ ಮುಚ್ಚಿದಾಗ ಅಡ್ಡ ಹಳದಿ ರಿಬ್ಬನ್ ಕಟ್ಟಿದ್ವಿ ಸಾರ್. ಹಳ್ಳಿಯೋರು ಹಾಲಿನ ಕ್ಯಾನ್ ಕಟ್ಟೋಕೆ ಅಂತ ಕಿತ್ಕೊಂಡು ಹೋದ್ರು. ಅದಕ್ಕೇ ಈ ಸಲ ಬರೀ ತಂತಿ. ಕಣ್ಣಿಗೆ ಕಂಡ್ರೆ ಅದನ್ನೂ ಬಿಡಲ್ಲ ಇವ್ರು.”

“ಕಾಣದ ಹಾಗೆ ಕಟ್ಟಿದಿರಿ.”

“ಒಬ್ರಿಗೆ ಆದ್ರೆ ಉಳಿದೋರು ಬರಲ್ಲ ಅನ್ಕೊಂಡ್ವಿ. ಸ್ವಲ್ಪ ತರಚತ್ತೆ ಅಂತ, ಇಷ್ಟು ಅಂತ ಅಲ್ಲ. ನೀವು ನಮ್ಮೋರು ಸಾರ್, ಕೊಂಬೆ ಅಂತಾನೇ ಬರೆದ್ಬಿಡಿ.”

ಮೈ ಉರಿಯಿತು. ತಂತಿ ಎಂದೇ ಬರೆದೆ, ಪೊಲೀಸರಿಗೂ ತಿಳಿಸಿದೆ. ಅವರು ವಾರ್ಡಿಗೆ ಬಂದು ಕೇಳಿದಾಗ ರಘುನಂದನ್ ಮಂಚದ ಪಕ್ಕದಲ್ಲಿ ಕಿತ್ತಳೆ ಸುಲಿಯುತ್ತ ಕೂತಿದ್ದರು. ಕೊಂಬೆಯೇ ಎಂದು ಮ್ವಾಂಗಿ ತಲೆಯಾಡಿಸಿದ. ಪೊಲೀಸರು ನನ್ನ ಕಡೆ ಕನಿಕರದಿಂದ ನೋಡಿ ಹೊರಟುಹೋದರು.

ಮರುದಿನ ನಾನೊಬ್ಬನೇ ಹೋಗಿ ಪರದೆ ಎಳೆದೆ. ನಿನ್ನನ್ನು ಕರೆತಂದವನೇ ತಂತಿ ಕಟ್ಟಿದವನು ಎಂದು ಸ್ವಾಹಿಲಿಯಲ್ಲಿ ಹೇಳಿದೆ. ಅವನು ನಳಿಗೆಯ ಬಾಯಿಗೆ ಬೆರಳು ಒತ್ತಿದ. ಹಾಗೆ ಒತ್ತಿದರಷ್ಟೇ ಗಾಳಿ ಮೇಲೆ ಹೋಗಿ ಪಿಸುಮಾತು ಹೊರಡುತ್ತಿತ್ತು.

“ಗೊತ್ತು ಡಾಕ್ಟಾರಿ. ಪಿಕಪ್ಪಿನಲ್ಲಿ ಉಳಿದ ತಂತಿಯ ಸುರುಳಿಯ ಮೇಲೇ ನನ್ನನ್ನು ಮಲಗಿಸಿದ್ದರು. ನನಗೆ ಗೊತ್ತಾಗಿದೆ ಅಂತ ಅವರಿಗೆ ತಿಳಿದಿದ್ದರೆ ಗಾಡಿ ಆಸ್ಪತ್ರೆವರೆಗೆ ಬರುತ್ತಿತ್ತಾ? ಅದಕ್ಕೇ ದಾರಿ ಉದ್ದಕ್ಕೂ ಅಸಾಂಟೆ ಅಂದೆ.”

ನಾನು ಕೃತಜ್ಞತೆ ಎಂದುಕೊಂಡದ್ದು ಬರೀ ಪ್ರಾಣಭಯವಾಗಿತ್ತು. ಈಗಲಾದರೂ ಹೇಳು, ನಾನಿದ್ದೇನೆ ಎಂದೆ.

“ನೀವು ಎಷ್ಟು ದಿನ ಇರುತ್ತೀರಿ? ಕೂಗಲಾಗದವನನ್ನು ಯಾವ ಮಟಾಟು ಇಟ್ಟುಕೊಳ್ಳುತ್ತೆ? ಅವರು ಕೆಲಸ ಕೊಟ್ಟಿದ್ದಾರೆ. ಮಳೆಗಾಲದಲ್ಲಿ ಟ್ರೇಲ್ ಕಾಯೋದು. ಇನ್ನು ತಂತಿ ಕಟ್ಟೋಲ್ಲವಂತೆ.” ದಿಂಬಿನಡಿಯಿಂದ ಹೊಚ್ಚಹೊಸ ಸೀಟಿಯೊಂದನ್ನು ತೆಗೆದು ತೋರಿಸಿದ.

ಬೆರಳು ಒತ್ತಿದರೂ ಬಾಯಿಗೆ ಬರುವ ಉಸಿರು ಪಿಸುಮಾತಿಗಷ್ಟೇ ಸಾಕು, ನಳಿಗೆ ಇರುವವರೆಗೆ ಸೀಟಿ ಊದಲಾಗುವುದಿಲ್ಲ ಎಂದು ನಾನೇ ಹೇಳಬೇಕಾಯಿತು.

“ಊದಿ ನೋಡಿದೆ, ಡಾಕ್ಟಾರಿ. ಬೈಕ್ ಬಂದರೆ ದಾರಿಗೆ ಅಡ್ಡ ನಿಂತುಕೊಳ್ಳುತ್ತೇನೆ.”

ಆಮೇಲೆ ಕೆಲಸದಲ್ಲಿದ್ದಷ್ಟು ಕಾಲವೂ ಒಂದು ಪದ್ಧತಿ ಬಿಡಲಿಲ್ಲ. ಗಾಯಾಳುವನ್ನು ಕರೆತಂದವರು ಎಷ್ಟೇ ಒಳ್ಳೆಯವರಾಗಿ ಕಾಣಲಿ, ಮೊದಲು ಅವರನ್ನು ಹೊರಗೆ ಕಳಿಸಿ ಬಾಗಿಲು ಹಾಕುತ್ತಿದ್ದೆ. ಏನಾಯಿತು ಎಂದು ಕೇಳುತ್ತಿದ್ದದ್ದು ಆಮೇಲೆ. ಕಿರಿಯ ವೈದ್ಯರಿಗೂ ಹಾಗೆಯೇ ಕಲಿಸಿದೆ. ಮ್ವಾಂಗಿಗೆ ಅದರಿಂದ ಏನೂ ಪ್ರಯೋಜನವಾಗಲಿಲ್ಲ.